ಅಂಗೈಯಲ್ಲಿ ಪರಂಗಿ

ನನಗೆ ಜಂಬ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ಮಕ್ಕಳ ಮಾರ್ಕ್ಸಿನ ಮೇಲೆ ಜಂಬ, ಕೆಲವರಿಗೆ ಹೊಸ ಕಾರಿನ ಮೇಲೆ. ನನ್ನ ಜಂಬವೆಲ್ಲ ನಮ್ಮ ಯಲಹಂಕದ ಮನೆಯ ಕಾಂಪೌಂಡಿನಲ್ಲಿ, ನೀರಿನ ಸಂಪಿನ ಪಕ್ಕ ನಿಂತಿರುವ ಒಂದು ಪರಂಗಿ ಗಿಡದ ಮೇಲೆ. ಅದನ್ನು ನೆಟ್ಟವನೂ ನಾನಲ್ಲ. ನಮ್ಮ ಬೀದಿಗೆ ಸೊಪ್ಪು ತರುವ ಮುನಿಯಮ್ಮ ಒಂದು ದಿನ ಸಸಿ ತಂದು, ತಾವೇ ಗುಂಡಿ ತೋಡಿ ನೆಟ್ಟು ಹೋದರು. ಈ ಲೇಔಟ್ ಆಗುವ ಮೊದಲು ಇಲ್ಲಿ ಅವರ ಮಾವನ ರಾಗಿ ಹೊಲವಿತ್ತಂತೆ. ಹಾಗಾಗಿ ನಮ್ಮ ಮಣ್ಣಿನ ವಿಷಯದಲ್ಲಿ ಅವರು ನನ್ನ ಅಪ್ಪಣೆಗೆ ಕಾಯುವುದಿಲ್ಲ. ನಾನು ನೀರು ಹಾಕಿದೆ ಅಷ್ಟೆ. ಆದರೆ ಫೋಟೋಗಳಲ್ಲಿ ಗಿಡದ ಪಕ್ಕ ನಿಂತವನು ನಾನೇ.

ಹಣ್ಣು ಬಿಡತೊಡಗಿದ ಮೇಲೆ ಮೊಬೈಲಿನಲ್ಲಿ ಪರಂಗಿಯ ಬಗ್ಗೆ ಓದತೊಡಗಿದೆ. ಪಪೇನ್, ಲೈಕೋಪೀನ್, ಬೀಟಾ ಕ್ಯಾರೊಟಿನ್! ಪಿಯುಸಿಯಲ್ಲಿ ಕೆಮಿಸ್ಟ್ರಿಯನ್ನು ಮೂರನೇ ಸಲಕ್ಕೆ ದಾಟಿದವನು ನಾನು. ಅಂಥ ಘನ ಪದಾರ್ಥಗಳೆಲ್ಲ ನಮ್ಮ ಸಂಪಿನ ಪಕ್ಕದಲ್ಲೇ ತಯಾರಾಗುತ್ತಿವೆ ಎಂದು ತಿಳಿದಾಗ ಆದ ಹೆಮ್ಮೆ ಅಷ್ಟಿಷ್ಟಲ್ಲ. ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್ ಗೆಳೆಯರಿಗೆ ಪಾಠ ಶುರುಮಾಡಿದೆ. ನಾನು ಓದಿದ ಬರಹಗಳಲ್ಲಿ ಪ್ರತಿ ವಾಕ್ಯದ ಕೊನೆಗೂ ‘ನೆರವಾಗಬಹುದು’, ‘ಇನ್ನೂ ಸಂಶೋಧನೆ ಬೇಕು’ ಎಂದಿರುತ್ತಿತ್ತು. ಮನೆಯಿಂದ ಕೆರೆಗೆ ನಡೆಯುವಷ್ಟರಲ್ಲಿ ಆ ‘ಬಹುದು’ ದಾರಿಯಲ್ಲೆಲ್ಲೋ ಉದುರಿಹೋಗುತ್ತಿತ್ತು. ಕಣ್ಣು ಚುರುಕಾಗುತ್ತದೆ, ಹೃದಯ ಗಟ್ಟಿಯಾಗುತ್ತದೆ, ಕಲ್ಲು ತಿಂದರೂ ಕರಗುತ್ತದೆ ಎಂದು ಧಾರಾಳವಾಗಿ ಹಂಚಿದೆ. ಕೊನೆಗೆ ಬಡಾವಣೆಯ ಸಂಘದವರು ಭಾನುವಾರದ ಸಭೆಯಲ್ಲಿ ‘ಹಣ್ಣು ಮತ್ತು ಆರೋಗ್ಯ’ದ ಬಗ್ಗೆ ಅರ್ಧ ಗಂಟೆ ಮಾತನಾಡಿ ಎಂದು ಕರೆದರು. ಕಚೇರಿಯಲ್ಲಿದ್ದಷ್ಟು ವರ್ಷವೂ ಬೇರೆಯವರ ಭಾಷಣಕ್ಕೆ ಕುರ್ಚಿ ಹಾಕಿಸಿದವನಿಗೆ ಮೊದಲ ಸಲ ಮೈಕು! ಉಪದೇಶ ಮಾಡುವವನು ತಾನೂ ನಡೆದು ತೋರಿಸಬೇಡವೇ? ಎರಡು ತಿಂಗಳಿಂದ ಮೂರು ಹೊತ್ತೂ ಪರಂಗಿ ತಿನ್ನುತ್ತಿದ್ದೆ.

ಗುರುವಾರ ಮಧ್ಯಾಹ್ನ ಅನ್ನಕ್ಕೆ ತುಪ್ಪ ಹಾಕಲು ಬಂದ ನನ್ನ ಹೆಂಡತಿ ಸರೋಜ ಅಲ್ಲೇ ನಿಂತಳು. “ರೀ, ಕೈ ತೋರಿಸಿ ಇಲ್ಲಿ.” ತೋರಿಸಿದೆ. ಅಂಗೈ ಅರಿಶಿನ ಹಚ್ಚಿದ ಹಾಗೆ ಹಳದಿ.

“ಅಯ್ಯೋ, ಕಾಮಾಲೆ ಕಣ್ರೀ!” ಎಂದವಳೇ ತುಪ್ಪವನ್ನು ವಾಪಸು ಒಯ್ದಳು. ಸಂಜೆಯಿಂದ ಉಪ್ಪಿಲ್ಲದ ಮಜ್ಜಿಗೆ ಅನ್ನ, ನೆಲನೆಲ್ಲಿ ರಸ. ಶನಿವಾರ ಬೆಳಿಗ್ಗೆ ಮಾಕಳಿಯಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡುವವರ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. “ಔಷಧಿ ಕುಡಿದ ಮೇಲೆ ಮೂರು ದಿನ ಆಚೆ ಹೋಗೋ ಹಾಗಿಲ್ವಂತೆ,” ಎಂದಳು. ಅಂದರೆ ಭಾನುವಾರದ ಮೈಕು ಕೈತಪ್ಪಿದಂತೆಯೇ. ನಿಜ ಹೇಳುತ್ತೇನೆ, ನನಗೆ ರೋಗದ ಹೆದರಿಕೆ ಅಷ್ಟಿರಲಿಲ್ಲ. ಆರೋಗ್ಯದ ಬಗ್ಗೆ ಭಾಷಣ ಮಾಡಬೇಕಾದವನಿಗೇ ಕಾಮಾಲೆ ಬಂದರೆ ಕೆರೆ ಏರಿಯ ಮೇಲೆ ಮುಖ ತೋರಿಸುವುದು ಹೇಗೆ? ಶುಕ್ರವಾರ ವಾಕಿಂಗಿಗೇ ಹೋಗಲಿಲ್ಲ.

ಶನಿವಾರ ಗೇಟು ದಾಟುವಾಗ ಮುನಿಯಮ್ಮ ಎದುರಾದರು. “ಬೆಳ್ಬೆಳಿಗ್ಗೆ ಎಲ್ಗೆ ಒಂಟ್ರಿ?” ಸರೋಜ ಎಲ್ಲ ಹೇಳಿದಳು. ಮುನಿಯಮ್ಮ ಸೊಪ್ಪಿನ ಬುಟ್ಟಿ ಇಳಿಸಿ, ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದರು.

“ಕಣ್ಣು ಬೆಳ್ಳಗೈತಲ್ಲವ್ವಾ! ಕಾಮಾಲೆ ಆದ್ರೆ ಕಣ್ಣೂ ಅಳದಿ ಆಗ್ತದೆ. ನಮ್ಮ ಮೊಮ್ಮಗೀಗೂ ಪರಂಗಿ ತಿನ್ಸಿ ತಿನ್ಸಿ ಇಂಗೇ ಆಗಿತ್ತು. ಅಣ್ಣು ಬಿಡ್ಸು, ಓಯ್ತದೆ.”

ಸರೋಜ ಅರ್ಧ ನಂಬಿದಳು. ಉಳಿದರ್ಧಕ್ಕಾಗಿ ಮಾಕಳಿಯ ದಾರಿ ಬಿಟ್ಟು ಹತ್ತಿರದ ಡಾಕ್ಟರ ಬಳಿ ಕರೆದೊಯ್ದಳು. ರಕ್ತಪರೀಕ್ಷೆಯಾಯಿತು. “ಲಿವರ್ ಚೆನ್ನಾಗಿದೆ ಸಾರ್,” ಎಂದರು ಡಾಕ್ಟರು ಸಂಜೆ. “ಬೀಟಾ ಕ್ಯಾರೊಟಿನ್ ಜಾಸ್ತಿಯಾಗಿ ಚರ್ಮದಲ್ಲಿ ಕೂತಿದೆ ಅಷ್ಟೆ. ಸ್ವಲ್ಪ ದಿನ ಪರಂಗಿ ಬಿಟ್ಬಿಡಿ.” ಮುನಿಯಮ್ಮ ಹೇಳಿದ್ದೂ ಅದನ್ನೇ, ಕ್ಯಾರೊಟಿನ್ ಎಂಬ ಹೆಸರೊಂದನ್ನು ಬಿಟ್ಟು. ನನಗಂತೂ ಎದೆಯುಬ್ಬಿತು. ಎಲ್ಲರೂ ಓದಿ ಹೇಳುವ ಪದಾರ್ಥವನ್ನು ನಾನು ಅಂಗೈಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ!

ಭಾನುವಾರ ಮೈಕಿನ ಮುಂದೆ ನಿಂತು ಎರಡೂ ಕೈ ಎತ್ತಿದೆ. “ನೋಡಿ, ಬೀಟಾ ಕ್ಯಾರೊಟಿನ್!” ಚಪ್ಪಾಳೆ ಬಿತ್ತು. ಸೊಪ್ಪಿನ ಬುಟ್ಟಿ ಬದಿಗಿಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದ ಮುನಿಯಮ್ಮ ಎದ್ದರು. “ಬಣ್ಣ ಬಂತು, ಸರಿ ಸ್ವಾಮಿ. ಕಾಯ್ಲೆ ಯಾವ್ದು ವಾಸಿಯಾಯ್ತು?”

ನೀರು ಕುಡಿದೆ. ದಾರಿಯಲ್ಲಿ ಉದುರಿಸಿ ಬಂದ ‘ಬಹುದು’ಗಳನ್ನೆಲ್ಲ ಹುಡುಕಾಡುತ್ತಿರುವಾಗ ಮುಂದಿನ ಸಾಲಿನಲ್ಲಿದ್ದ ಸರೋಜ ಹೇಳಿದಳು: “ಮಾತಾಡೋ ಕಾಯ್ಲೆ ಒಂದಿತ್ತು. ಅದೂ ವಾಸಿಯಾಗಿಲ್ಲ.”

ಸಭೆಯೆಲ್ಲ ನಕ್ಕಿತು. ಆ ನಗುವಿನ ಮುಂದೆ ನನಗೆ ಬಿದ್ದ ಚಪ್ಪಾಳೆ ಏನೂ ಅಲ್ಲ. ಆಮೇಲೆ ‘ಆಗಬಹುದು’, ‘ಇರಬಹುದು’ ಸೇರಿಸಿ ಮಾತಾಡಿದೆ. ಅರ್ಧ ಗಂಟೆಯ ಭಾಷಣ ಹತ್ತೇ ನಿಮಿಷಕ್ಕೆ ಮುಗಿಯಿತು. ಕೊನೆಯಲ್ಲಿ ‘ಬಹುದು’ ಇಲ್ಲದ ಒಂದೇ ವಾಕ್ಯ ಹೇಳಿದೆ: “ನಮ್ಮ ಮನೆಯ ಪರಂಗಿ ಗಿಡ ನೆಟ್ಟವರು ಮುನಿಯಮ್ಮ.” ಅವರು ಸೆರಗು ಸರಿಮಾಡಿಕೊಂಡು ಸುತ್ತ ನೋಡಿದ ಠೀವಿ ಕಂಡು, ಜಂಬ ಪಡುವುದನ್ನೂ ನಾನು ಅವರಿಂದ ಕಲಿಯಬೇಕು ಅನ್ನಿಸಿತು.

ಈಗ ತಿಂಗಳಾಯಿತು. ಅಂಗೈಯ ಹಳದಿ ದಿನದಿನಕ್ಕೆ ಮಾಸುತ್ತಿದೆ. ಸರೋಜ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಒಂದೇ ಒಂದು ಹೋಳು ಬಾಯಿಗೆ ಹಾಕಿಕೊಳ್ಳುತ್ತೇನೆ. ಆರೋಗ್ಯಕ್ಕೆಂದು ಅಲ್ಲ. ಸಾಕ್ಷಿ ಪೂರ್ತಿ ಅಳಿಸಿಹೋದರೆ ಕೆರೆ ಏರಿಯ ಮೇಲೆ ನನ್ನ ಮಾತನ್ನು ಯಾರು ನಂಬುತ್ತಾರೆ?