ಸೂರ್ಯ ಮುಳುಗಿದರೆ ನಮ್ಮ ಸ್ಟೇಷನ್ನೂ ಮುಳುಗುತ್ತದೆ

ಎಎಂ ರೇಡಿಯೊದಲ್ಲಿ ಸಿಗ್ನಲ್ ಎಂಜಿನಿಯರ್ ಆದವಳಿಗೆ ದಿನಕ್ಕೊಂದು ಬೈಗುಳ ಗ್ಯಾರಂಟಿ. ನಮ್ಮದು ಹಗಲೂ ರಾತ್ರಿ ಆಟದ ಸುದ್ದಿಯನ್ನೇ ಮಾತಾಡುವ ಸ್ಟೇಷನ್ನು. ಬೇಸ್‌ಬಾಲ್ ಪಂದ್ಯದ ನಡುವೆ ರೇಡಿಯೊ ಗೊರ್ರ್ ಎಂದರೆ ಸಾಕು, ಬೇ ಏರಿಯಾದ ಅಷ್ಟೂ ಊರುಗಳ ಕೋಪ ನನ್ನ ಫೋನಿಗೆ ಬರುತ್ತದೆ. ಸಾಲದ್ದಕ್ಕೆ ಮ್ಯಾನೇಜರು ಈ ವರ್ಷ ಹೇಳಿಬಿಟ್ಟಿದ್ದರು: "ದೂರು ಕಡಿಮೆ ಆಗದಿದ್ದರೆ ಟವರ್ ಮುಚ್ಚಿ, ಬರೀ ಆ್ಯಪ್‌ನಲ್ಲಿ ನಡೆಸೋಣ." ಟವರ್ ಹೋದರೆ ಸಿಗ್ನಲ್ ಇಲ್ಲ, ಸಿಗ್ನಲ್ ಹೋದರೆ ನನ್ನ ಕೆಲಸವೂ ಇಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಸೂರ್ಯನ ತಪ್ಪು

ಕತ್ತಲಾದ ಮೇಲೆ ಎಎಂ ಅಲೆಗಳು ಬಹಳ ದೂರ ಹೋಗುತ್ತವೆ. ಬೇರೆ ಊರಿನ ಸ್ಟೇಷನ್ನಿಗೆ ಅಡ್ಡ ಬರಬಾರದೆಂದು ಸಂಜೆಯಾದ ಕೂಡಲೇ ನಾವು ಸಿಗ್ನಲ್ಲಿನ ಪವರ್ ತಗ್ಗಿಸಬೇಕು. ಇದನ್ನು ಕ್ಯಾಂಪ್‌ಬೆಲ್ ಊರಿನ ಕೇಳುಗರೊಬ್ಬರಿಗೆ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ.

"ಆಟ ಜೋರಾಗೋ ಹೊತ್ತಿಗೇ ಯಾಕಮ್ಮ ತಗ್ಗಿಸ್ತೀರಿ?"

"ಸೂರ್ಯ ಮುಳುಗ್ತಾನಲ್ಲ ಸರ್. ಅದು ನಮ್ಮ ಕೈಲಿಲ್ಲ."

ಅವರು ರಾಜಿಗೆ ಬಂದರು. "ಸರಿ, ಸೂರ್ಯನ್ನ ಬಿಡಿ. ಆಟಗಾರರಿಗಾದ್ರೂ ಸ್ವಲ್ಪ ಬೇಗ ಬೇಗ ಓಡೋಕೆ ಹೇಳಿ."

ರಿಪೇರಿ ಬೇಡ

ಸಾಂಟಾ ಕ್ಲಾರಾದ ಡಾಕ್ಟರೊಬ್ಬರು ತಮ್ಮ ಬೀದಿಯಲ್ಲಿ ನಮ್ಮ ಸ್ಟೇಷನ್ನು ಸಿಗುವುದೇ ಇಲ್ಲವೆಂದು ದೂರು ಕೊಟ್ಟಿದ್ದರು. ಇಂಡಿಯನ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಮಾತ್ರ ಕಾರಿನ ರೇಡಿಯೊ ಚೆನ್ನಾಗಿ ಕೇಳುತ್ತದಂತೆ. ನೋಡೋಣವೆಂದು ಹೊರಡುವಷ್ಟರಲ್ಲಿ ಅವರ ಹೆಂಡತಿಯೇ ಫೋನ್ ಮಾಡಿದರು. ನನ್ನ ಇಂಗ್ಲಿಷ್ ಕೇಳಿದ್ದೇ ತಡ, ಕನ್ನಡಕ್ಕೆ ಇಳಿದರು.

"ಮೈಸೂರು ಕಡೆಯವರಲ್ವಾ ನೀವು? ದಯವಿಟ್ಟು ನಮ್ಮ ಬೀದೀಲಿ ಏನೂ ಸರಿ ಮಾಡ್ಬೇಡಿ. ಮ್ಯಾಚ್ ಇದ್ದ ದಿನ ಕೊತ್ತಂಬರಿ ಸೊಪ್ಪು ಬೇಕಾ ಅಂತ ನಮ್ಮನೆಯವರೇ ಕೇಳ್ಕೊಂಡು ಅಂಗಡಿಗೆ ಹೋಗ್ತಾರೆ ಕಣ್ರೀ!"

ಮ್ಯಾನೇಜರ ಕಾರು

ಒಂದು ಬೆಳಿಗ್ಗೆ ಮ್ಯಾನೇಜರು ಕೆಂಡಾಮಂಡಲವಾಗಿ ಬಂದರು. "ಫ್ರೀವೇ ಉದ್ದಕ್ಕೂ ನಮ್ಮ ಸ್ಟೇಷನ್ ಇಲ್ಲ! ಎಲ್ಲೂ ಇಲ್ಲ! ನೀನು ಮಾಡ್ತಿರೋದಾದ್ರೂ ಏನು?"

ಅವರ ಕಾರಿನ ಹತ್ತಿರ ಓಡಿದೆ. ಹೊಚ್ಚ ಹೊಸ ಎಲೆಕ್ಟ್ರಿಕ್ ಕಾರು. ಅದರಲ್ಲಿ ಎಎಂ ರೇಡಿಯೊ ಇರಲೇ ಇಲ್ಲ. ಎಎಂ ಸ್ಟೇಷನ್ ನಡೆಸುವ ಮನುಷ್ಯ ಎಎಂ ಇಲ್ಲದ ಕಾರು ಕೊಂಡಿದ್ದರು. ಅದನ್ನು ತಿಳಿಸಿದಾಗ ಅವರು ಗಂಭೀರವಾಗಿ ಹೇಳಿದರು: "ಬಣ್ಣ ಚೆನ್ನಾಗಿದೆ, ಅಲ್ವಾ?"

ಶುಕ್ರವಾರದ ಗೊರ್ರ್

ಫ್ರೀಮಾಂಟಿನ ಒಬ್ಬ ಅಜ್ಜ ಪ್ರತಿ ವಾರ ನೇರವಾಗಿ ಮ್ಯಾನೇಜರಿಗೇ ಫೋನ್ ಮಾಡುತ್ತಿದ್ದರು. ಶುಕ್ರವಾರ ಸಂಜೆ ಅವರ ರೇಡಿಯೊದಲ್ಲಿ ಬರೀ ಗೊರ್ರ್. "ಇದೊಂದು ಸರಿ ಹೋಗದಿದ್ದರೆ ಟವರಿನ ಕಥೆ ಮುಗೀತು" ಎಂದರು ಮ್ಯಾನೇಜರು. ವಿಳಾಸ ನೋಡಿದರೆ ನಾವಿರುವ ಅಪಾರ್ಟ್‌ಮೆಂಟ್ ಕಟ್ಟಡವೇ! ಶುಕ್ರವಾರ ನಾನು ಸ್ಟೇಷನ್ನಿನಲ್ಲೇ ಇರುವುದರಿಂದ ಅಲ್ಲಿ ಏನು ನಡೆಯುತ್ತದೆಂದು ಗೊತ್ತಿರಲಿಲ್ಲ. ಅಜ್ಜನೂ ನಾನೂ ಅಲ್ಲಿ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ.

ಶುಕ್ರವಾರ ಸ್ಟೇಷನ್ನಿನ ಜಾಕೆಟ್ ತೊಟ್ಟು, ಪುಟ್ಟ ರೇಡಿಯೊ ಹಿಡಿದು ಅಜ್ಜನ ಮನೆಗೆ ಹೋದೆ. ಗೊರ್ರ್ ಜೋರಾದ ಕಡೆಗೆ ನಡೆದೆ, ಅಜ್ಜ ಹಿಂದೆಯೇ ಬಂದರು. ಮೆಟ್ಟಿಲು ಹತ್ತಿದೆವು, ಎಡಕ್ಕೆ ತಿರುಗಿದೆವು. ರೇಡಿಯೊ ಕಿರುಚಿಕೊಂಡು ನಿಂತದ್ದು ನಮ್ಮ ಮನೆಯ ಬಾಗಿಲ ಮುಂದೆ.

ತಟ್ಟಲೇ, ನನ್ನ ಕೀ ಹಾಕಿ ತೆಗೆಯಲೇ?

"ಜೋರಾಗಿ ತಟ್ಟು, ನಾಚಿಕೆಯಿಲ್ಲದ ಜನ!" ಎಂದರು ಅಜ್ಜ. ತಟ್ಟಿದೆ.

ನನ್ನ ಗಂಡ ಉಡುಪಿಯವರು. ಬಾಗಿಲು ತೆಗೆದಾಗ ಮೊಣಕೈವರೆಗೂ ವಾರಕ್ಕಾಗುವ ದೋಸೆ ಹಿಟ್ಟು. "ಎಂತ ಮಾರಾಯ್ತಿ, ಇಷ್ಟು ಬೇಗ?" ಅವರ ಬೆನ್ನ ಹಿಂದೆ, ಊರಿನಿಂದ ತಂದ ಗ್ರೈಂಡರು, ಅದಕ್ಕೆ ಕರೆಂಟು ಬದಲಿಸಿ ಕೊಡುವ ಅಗ್ಗದ ಡಬ್ಬ. ಗೊರ್ರ್ ಎನಿಸುತ್ತಿದ್ದ ಕಳ್ಳ ಅದೇ.

ನನಗೆ ಸಿಟ್ಟು ನೆತ್ತಿಗೇರಿತು. ಅಜ್ಜನಿಗೆ ಅರ್ಥವಾಗದೆಂಬ ಧೈರ್ಯದಲ್ಲಿ ಕನ್ನಡದಲ್ಲೇ ಶುರು ಮಾಡಿದೆ: "ನಿಮ್ಮ ದೋಸೆಯಿಂದ ನನ್ನ ಕೆಲಸ ಹೋಗ್ತಾ ಇದೆ! ಆ ದರಿದ್ರ ಡಬ್ಬ ಮೊದಲು ಆರಿಸಿ! ಇನ್ನೊಂದು ಸಲ ಅದು ನನ್ನ ಕಣ್ಣಿಗೆ ಬಿದ್ರೆ ನೋಡಿ!"

ಗಂಡ ಒಳಗೆ ಓಡಿ ಆರಿಸಿದರು. ರೇಡಿಯೊದಲ್ಲಿ ಕಾಮೆಂಟರಿ ಗಂಟೆ ಹೊಡೆದ ಹಾಗೆ ಕೇಳಿಸಿತು. ಅಜ್ಜನ ಕಣ್ಣು ತುಂಬಿತು. ಅಲ್ಲೇ ಮ್ಯಾನೇಜರಿಗೆ ಫೋನ್ ಹಚ್ಚಿದರು: "ಅವನ ಭಾಷೆಯಲ್ಲೇ ಬೈದಳು! ಆ ಮನುಷ್ಯ ನಡುಗಿಹೋದ! ಇಂಥವಳನ್ನ ಯಾವ ಕಾರಣಕ್ಕೂ ಬಿಡಬೇಡಿ, ಟವರನ್ನೂ ಬಿಡಬೇಡಿ." ಆಗಲಿ ಎಂದು ಮ್ಯಾನೇಜರು ಒಪ್ಪಿದ್ದು ನನಗೂ ಕೇಳಿಸಿತು.

ಕೆಲಸ ಉಳಿಯಿತು ಎಂದು ನಾನು ಉಸಿರು ಬಿಡುವಾಗ ಅಜ್ಜನಿಗೆ ನನ್ನ ಗಂಡನ ಮೇಲೆ ಕನಿಕರ ಹುಟ್ಟಿತು. ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಸ್ವಲ್ಪ ಅತಿಯಾಗಿಯೇ ಬೈದಳು ಅನಿಸುತ್ತೆ ಮಗು. ಬೇಕಾದರೆ ನೀನೂ ಇವಳ ಮೇಲಿನವರಿಗೆ ದೂರು ಕೊಡಬಹುದು."

ಗಂಡ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಹೇಳಿದರು: "ಇವಳ ಮೇಲೆ ಯಾರೂ ಇಲ್ಲ ಸರ್. ಮದುವೆಯಾದ ದಿನದಿಂದ ಹುಡುಕ್ತಾ ಇದ್ದೇನೆ."