ಫ್ಯಾನಿಗೆ ಹೆಲಿಕಾಪ್ಟರ್ ರೆಕ್ಕೆ

ಸ್ಟೂಲು ಹತ್ತಿದರೆ ಕಾಲು ನಡುಗುವ ಮನುಷ್ಯನಿಗೆ ಹೆಲಿಕಾಪ್ಟರಿನ ಉಸಾಬರಿ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಸೀಲಿಂಗ್ ಫ್ಯಾನಿನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಅವನದು. ಎಲ್ಲದಕ್ಕೂ ಹೆದರುತ್ತಾನೆಂದು ಜೊತೆಯವರು ಇಟ್ಟ ಹೆಸರು ಗಾಬರಿರಾಯ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಅವನು ಕದ್ದು ಒಂದು ಆಟ ಆಡುತ್ತಿದ್ದ. ಮನಸ್ಸಿಗೆ ಬಂದದ್ದನ್ನು ಕಟ್ಟುವುದು, ಓಡಿಸುವುದು, ಕೆಡವುವುದು, ಅಷ್ಟೇ ಆಟ. ಅದರಲ್ಲೊಂದು ಹೆಲಿಕಾಪ್ಟರ್ ಕಟ್ಟಿದ್ದ. ಇಪ್ಪತ್ತಮೂರು ದಿನವಾದರೂ ಅದು ಕೋಳಿಯ ಹಾಗೆ ಒಂದು ಮೊಳ ನೆಗೆದು ಮಗುಚಿಕೊಳ್ಳುತ್ತಿತ್ತೇ ಹೊರತು ಹಾರುತ್ತಿರಲಿಲ್ಲ. ಆಟದ ರೆಕ್ಕೆಗಳದ್ದೇ ದೋಷವೆಂದು ತೀರ್ಮಾನಿಸಿ, ನಿನ್ನೆ ಕಾರ್ಖಾನೆಯ ಹೊಸ ಫ್ಯಾನಿನ ರೆಕ್ಕೆಯ ನಕ್ಷೆಯನ್ನೇ ಆಟದೊಳಕ್ಕೆ ಎಳೆದು ತಂದು ಸಿಕ್ಕಿಸಿದ. ತುದಿ ಹಿಡಿದು ತಿರುಚಿದ, ಬಗ್ಗಿಸಿದ, ಇನ್ನಷ್ಟು ತಿರುಚಿದ. ಅಳತೆ ಗಿಳತೆ ಏನೂ ಬರೆದುಕೊಳ್ಳಲಿಲ್ಲ. ಹೆಲಿಕಾಪ್ಟರ್ ಹಾರಿಯೇಬಿಟ್ಟಿತು.

ಅಷ್ಟರಲ್ಲಿ ಬಾಗಿಲ ಬಳಿ ಮ್ಯಾನೇಜರ ಬೂಟಿನ ಸದ್ದು. ಕಂಪ್ಯೂಟರ್ ಏನನ್ನೋ ಕೇಳಿತು. ಓದುವಷ್ಟು ಪುರುಸೊತ್ತು ಯಾರಿಗಿತ್ತು? 'ಹೌದು' ಎಂದು ಒತ್ತಿ ಆಟ ಮುಚ್ಚಿದ.

ಇವತ್ತು ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿ, "ಸಂಜೆ ಕಾಯಂ ಆಗಿಯೇ ಬನ್ನಿ, ಅಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದೀನಿ" ಎಂದು ಕಳಿಸಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳು ಮುಗಿಯುವುದು ಇವತ್ತೇ. ಹೊಸ ಫ್ಯಾನನ್ನು ಖರೀದಿಗೆ ಬರುವ ಮೇಡಂ ಮುಂದೆ ತಿರುಗಿಸಿ ನೋಡುವುದೂ ಇವತ್ತೇ, ಮೂರು ಗಂಟೆಗೆ. ಅವರು ಒಪ್ಪಿದರೆ ಗಾಬರಿರಾಯ ಕಾಯಂ, ಇಲ್ಲವಾದರೆ ಮನೆ ದಾರಿ.

ಕುರ್ಚಿಯಲ್ಲಿ ಕೂರುವ ಮೊದಲೇ ಮೇಸ್ತ್ರಿ ಬಂದರು. ಇಪ್ಪತ್ತು ವರ್ಷದಿಂದ ರೆಕ್ಕೆ ಕತ್ತರಿಸುವ ಮಷೀನು ನೋಡಿಕೊಳ್ಳುತ್ತಿರುವ ಸಾಧು ಮನುಷ್ಯ.

"ನಿಮ್ಮ ಕಂಪ್ಯೂಟರಿಂದ ನಕ್ಷೆ ತಗೊಂಡು ಹಾಕಿದ್ವಿ, ಮಷೀನು ಬೆಳಿಗ್ಗೇನೇ ಮೂರು ರೆಕ್ಕೆ ಕತ್ತರಿಸಿ ಕೊಡ್ತು, ಸ್ಟೋರಿಗೂ ಕಳಿಸಾಯ್ತು. ತುದೀಲಿ ಏನೋ ತಿರುಚು ಇದೆಯಲ್ಲ, ಹೊಸಾ ಫ್ಯಾಷನ್ನಾ?"

ಗಾಬರಿರಾಯ ಕಂಪ್ಯೂಟರ್ ತೆರೆದು ನೋಡಿದ. ಫ್ಯಾನಿನ ರೆಕ್ಕೆ ಇರಬೇಕಾದ ಜಾಗದಲ್ಲಿ ಹೆಲಿಕಾಪ್ಟರಿನ ರೆಕ್ಕೆ ಕೂತಿತ್ತು. ಹಳೆಯದನ್ನು ಅಳಿಸಿ ಇದನ್ನು ಇಡಲೇ ಎಂದು ನಿನ್ನೆ ಕಂಪ್ಯೂಟರ್ ಕೇಳಿದ್ದು, ಅದಕ್ಕೇ ಇವನು ಹೌದು ಎಂದದ್ದು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ರೆಕ್ಕೆ ಕಿತ್ತುಕೊಂಡು ಬಂದು ಯಾರದಾದರೂ ತಲೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ರೆಕ್ಕೆಗಳನ್ನು ಹೇಗಾದರೂ ವಾಪಸು ಪಡೆಯಬೇಕೆಂದು ಸ್ಟೋರಿಗೆ ಓಡಿದ. ಸ್ವಲ್ಪ ಉಜ್ಜುವುದಿದೆ, ಒಂದು ಗಳಿಗೆ ಕೊಡಿ ಎಂದು ಗೋಗರೆದ. ಒಳಗೆ ಬಂದ ಸಾಮಾನು ಮ್ಯಾನೇಜರ ಸಹಿ ಇಲ್ಲದೆ ಹೊರಗೆ ಹೋಗುವುದಿಲ್ಲ ಎಂದರು ಸ್ಟೋರಿನವರು. ಅವರು ಅಷ್ಟಕ್ಕೇ ಬಿಟ್ಟಿದ್ದರೆ ಇವನು ಬದುಕುತ್ತಿದ್ದ. ಪರೋಪಕಾರ ಅವರ ರಕ್ತದಲ್ಲೇ ಇತ್ತು. ಹುಡುಗ ತನ್ನ ಕೆಲಸದ ಮೇಲೆ ಪ್ರಾಣವನ್ನೇ ಇಟ್ಟಿದ್ದಾನೆ, ರೆಕ್ಕೆಯನ್ನು ಇನ್ನೊಮ್ಮೆ ನೋಡಬೇಕೆಂದು ಕಣ್ಣಲ್ಲಿ ನೀರು ಹಾಕಿಕೊಂಡ ಎಂದು ತಾವೇ ಹೋಗಿ ಮ್ಯಾನೇಜರಿಗೆ ಹೇಳಿದರು.

ಮ್ಯಾನೇಜರಿಗೆ ಕರುಳು ಚುರುಕ್ ಎಂದಿತು. ಗಾಬರಿರಾಯನನ್ನು ಕರೆಸಿದರು. ಎಲ್ಲ ಗೊತ್ತಾಗಿಹೋಯಿತೆಂದು ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ಹೋದ.

"ಮೂರು ಗಂಟೆಗೆ ಫ್ಯಾನಿನ ರಿಮೋಟ್ ಒತ್ತೋದು ನೀನೇ ಕಣಯ್ಯ. ಸರಿಯಾಗಿ ಅದರ ಕೆಳಗೇ ನಿಂತ್ಕೋ. ಮಾಡಿದವನೇ ಕೆಳಗೆ ನಿಂತರೆ ನೋಡೋರಿಗೆ ಧೈರ್ಯ ಬರುತ್ತೆ."

ಅವನಿಗೆ ಧೈರ್ಯ ಎಲ್ಲಿಂದ ಬರಬೇಕು ಎಂಬುದನ್ನು ಮ್ಯಾನೇಜರು ಹೇಳಲಿಲ್ಲ.

ವಾಪಸು ಬಂದವನೇ ಮೊದಲು ಸಾಕ್ಷಿ ನಾಶಕ್ಕೆ ಇಳಿದ. ಹೋದ ವಾರ ತೆಗೆದಿಟ್ಟಿದ್ದ ಹಳೆಯ ನಕ್ಷೆಯ ಪ್ರತಿ ಸಿಕ್ಕಿತು, ಅದನ್ನು ಅದರ ಜಾಗಕ್ಕೆ ಸೇರಿಸಿದ. ಹೆಲಿಕಾಪ್ಟರನ್ನು ಅಳಿಸಿದ. ತಿರುಚಿದ ರೆಕ್ಕೆಯನ್ನು ಅಳಿಸಿದ. ಆಟವನ್ನೇ ಬುಡಸಮೇತ ಕಿತ್ತು, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಯಾರಾದರೂ ಕೇಳಿದರೆ ನಕ್ಷೆ ಸರಿಯಾಗಿಯೇ ಇದೆ, ಮಷೀನು ತಪ್ಪು ಕತ್ತರಿಸಿದೆ ಎಂದರಾಯಿತು. ಹಾಗಂದರೆ ಮೇಸ್ತ್ರಿಯ ಕುತ್ತಿಗೆಗೆ ಬರುತ್ತದೆ ಎಂಬುದು ಆಮೇಲೆ ಹೊಳೆಯಿತು. ಅವನು ಅವತ್ತು ಊಟ ಮಾಡಲಿಲ್ಲ.

ಮೂರು ಗಂಟೆಗೆ ಪರೀಕ್ಷೆಯ ಕೋಣೆ ತುಂಬಿತ್ತು. ಗಾಬರಿರಾಯ ಎಲ್ಲಿಂದಲೋ ಒಂದು ಹೆಲ್ಮೆಟ್ ತಂದು ಹಾಕಿಕೊಂಡು ಬಂದಿದ್ದ. ಮ್ಯಾನೇಜರು ನಗುತ್ತಲೇ ಅದನ್ನು ಅವನ ತಲೆಯಿಂದ ತಮ್ಮ ಕೈಯಾರೆ ತೆಗೆದರು. ಖರೀದಿಯ ಮೇಡಂ ಹತ್ತಿರ ಬಂದು ನಿಂತರು.

"ಮೇಡಂ, ಸ್ವಲ್ಪ ಹಿಂದೆ ಹೋಗಿ. ಇನ್ನೂ ಹಿಂದೆ. ಆ ಗೋಡೆಗೆ ಒರಗಿಕೊಂಡ್ರೂ ಸರಿ."

ಎಷ್ಟು ಮರ್ಯಾದಸ್ಥ ಹುಡುಗ ಎಂದುಕೊಂಡು ಆಕೆ ಹಿಂದೆ ಸರಿದರು. ನಿಲ್ಲಿಸಿ, ಇದು ಫ್ಯಾನಿನ ರೆಕ್ಕೆಯಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ತಡವಾಯಿತೆಂದು ಮ್ಯಾನೇಜರು ಅವನ ಕೈಯಲ್ಲಿದ್ದ ರಿಮೋಟನ್ನು ತಾವೇ ಒತ್ತಿಬಿಟ್ಟರು.

ಗಾಬರಿರಾಯ ಕಣ್ಣು ಮುಚ್ಚಿದ. ತಲೆಯ ಮೇಲೆ ಗಾಳಿ ಸುಯ್ಯೆಂದಿತು. ಒಂದು, ಎರಡು, ಮೂರು, ಹೀಗೆ ಐದರವರೆಗೂ ವೇಗ ಏರಿಸಿದರು. ಇನ್ನೇನು ಕಿತ್ತು ಬರುತ್ತದೆ ಎಂದು ಹಲ್ಲು ಕಚ್ಚಿ ಕಾದ. ಏನೂ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮೂಲೆಯಲ್ಲಿದ್ದವರ ಕೈಯ ಕಾಗದಗಳೂ ಹಾರಾಡುತ್ತಿದ್ದವು. ಫ್ಯಾನು ಮಾತ್ರ ಕಿರ್ರೆನ್ನದೆ ತಿರುಗುತ್ತಿತ್ತು.

ಇಷ್ಟು ಗಾಳಿ, ಸದ್ದೇ ಇಲ್ಲವಲ್ಲ ಎಂದು ಮೇಡಂ ಎರಡು ಸಲ ಸುತ್ತು ಹಾಕಿದರು. ಆಮೇಲೆ ಐದು ಸಾವಿರ ಫ್ಯಾನ್ ಬೇಕು ಎಂದರು. ಈ ಒಂದನ್ನು ಈಗಲೇ ಬಿಚ್ಚಿಸಿ ಕಾರಿಗೆ ಹಾಕಿಸಿಕೊಂಡರು. ಮುಂದೆ ಬರುವ ಪ್ರತಿಯೊಂದು ರೆಕ್ಕೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡುತ್ತೇವೆ, ಒಂದು ಎಳೆ ವ್ಯತ್ಯಾಸ ಬಂದರೂ ವಾಪಸು ಎಂದು ಹೇಳಿ ಹೊರಟೇಹೋದರು.

ಮ್ಯಾನೇಜರು ಅವನನ್ನು ತಬ್ಬಿಕೊಂಡೇಬಿಟ್ಟರು. ಕಾಯಂ ಮಾಡಿದ ಪತ್ರ ಅಲ್ಲೇ ಕೈಗೆ ಬಂತು. ಇಪ್ಪತ್ತಮೂರು ದಿನದ ಮೇಲೆ ಹಾರಿದ ಹೆಲಿಕಾಪ್ಟರಿಗೂ ಇಷ್ಟು ಹಗುರ ಅನಿಸಿರಲಾರದು. ಸತ್ತು ಬದುಕಿದೆ ಎಂದುಕೊಂಡು ಅವನು ಆರು ತಿಂಗಳಲ್ಲಿ ಮೊದಲ ಸಲ ಬಾಯಿತುಂಬ ನಕ್ಕ.

ಆಗ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತ ಬಂದರು. ಕೈಯಲ್ಲಿ ಒಂದು ರೆಕ್ಕೆ ಇತ್ತು.

"ನಾಳೆ ಎಂಟಕ್ಕೆ ಐದು ಸಾವಿರದ ಕೆಲಸ ಶುರು ಮಾಡಬೇಕಲ್ಲ, ಈಗ ನಿಮ್ಮ ನಕ್ಷೆ ಹಾಕಿ ಒಂದು ಕತ್ತರಿಸಿ ನೋಡಿದೆ. ತುದೀಲಿ ಆ ತಿರುಚೇ ಬರ್ತಿಲ್ಲ. ಸಪಾಟಾಗಿ ಬಂದಿದೆ."

"ಅದಕ್ಕೇನು, ನಕ್ಷೆ ಇವನ ಹತ್ರ ಇರುತ್ತೆ, ಸರಿಮಾಡಿ ಕೊಡ್ತಾನೆ. ನಮ್ಮ ಕಾಯಂ ಹುಡುಗ" ಎಂದು ಮ್ಯಾನೇಜರು ಅವನ ಬೆನ್ನು ತಟ್ಟಿ ಹೋದರು.

ಗಾಬರಿರಾಯ ಕಂಪ್ಯೂಟರಿನ ಮುಂದೆ ಕುಸಿದು ಕೂತ. ಕಸದ ಬುಟ್ಟಿ ತೆರೆದು ನೋಡಿದ, ತೊಳೆದಿಟ್ಟ ಹಾಗೆ ಖಾಲಿ. ತುದಿಯನ್ನು ಎಷ್ಟು ತಿರುಚಿದ್ದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಹೆಂಡತಿ. ಹಿಂದೆ ಅವಳ ಅಮ್ಮನ ದನಿಯೂ ಕೇಳುತ್ತಿತ್ತು.

"ಏನೂಂದ್ರೆ, ಕಾಯಂ ಆಯ್ತಾ?"

"ಆಯ್ತು," ಎಂದ ಗಾಬರಿರಾಯ. "ನಾಳೆ ಬೆಳಿಗ್ಗೆ ಎಂಟು ಗಂಟೆವರೆಗೆ."