ನಲವತ್ನಾಲ್ಕು ಫೋಟೋಗಳ ಒಂದು ರೋಲು

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಫೋನಿನಲ್ಲಿ ಫೋಟೋ ತೆಗೆಯಕೂಡದು!" ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಾಲ್‌ನ ಸೋಫಾದ ಮೇಲೆ ನಿಂತು. ಸೋಫಾದ ಮೇಲೇಕೆಂದರೆ ಒರೆಸಿದ ನೆಲ ಇನ್ನೂ ಒಣಗಿರಲಿಲ್ಲ. ಆದರೂ ಆ ಎತ್ತರ ಘೋಷಣೆಗೆ ಚೆನ್ನಾಗಿಯೇ ಒಪ್ಪಿತು.

ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಫಿಲಂ ಕ್ಯಾಮೆರಾ! ಗಡಿಯಾರ ರಿಪೇರಿ ಅಂಗಡಿಯಲ್ಲಿ, ನಿಂತುಹೋದ ಅಲಾರಂಗಳ ನಡುವೆ ಧೂಳು ತಿನ್ನುತ್ತಿದ್ದ ಅದನ್ನು ಉದ್ಧಾರ ಮಾಡಿ ತಂದಿದ್ದೆ. ಬಲು ಸರಳ ಯಂತ್ರ. ಬಿಸಿಲಿಗೆ ಸೂರ್ಯನ ಗುರುತು, ಮೋಡಕ್ಕೆ ಮೋಡದ ಗುರುತು, ಆಕಾಶ ನೋಡಿ ತಿರುಗಿಸಿದರೆ ಮುಗಿಯಿತು. ರೋಲ್ ಹಾಕುವುದನ್ನು ತೋರಿಸಲು ಅಂಗಡಿಯವನು ಕನ್ನಡಕ ಏರಿಸಿದಾಗ, "ಇಪ್ಪತ್ತೆರಡು ವರ್ಷ ವಿಮಾ ಆಫೀಸಲ್ಲಿ ಫೈಲಿಗೆ ದಾರ ಕಟ್ಟಿದ ಕೈ ಇದು. ನನಗೆ ಹೇಳಿಕೊಡ್ತೀರಾ?" ಎಂದು ಎದೆಯುಬ್ಬಿಸಿ ಬಂದಿದ್ದೆ.

"ಫೋನಲ್ಲಿ ಒಂಬತ್ತು ಸಾವಿರ ಫೋಟೋ ಇದೆ. ಒಂದಾದ್ರೂ ನೋಡೋ ಹಾಗಿದೆಯೇನೇ?" ಎಂದು ಹೆಂಡತಿಯನ್ನು ಕೇಳಿದೆ.

"ಇವೆಯಲ್ಲ, ನೀವಿಲ್ಲದಿರೋವು" ಎಂದಳು. ಆಮೇಲೆ ದನಿ ತಗ್ಗಿಸಿ, "ರೀ, ತೆಗೆಯೋದಾದ್ರೆ ಅಮ್ಮ ನಗ್ತಿರೋದು ಒಂದು ತೆಗೀರಿ. ನನಗೆ ಬೇರೇನೂ ಬೇಡ" ಎಂದಳು.

ಅದು ತಮಾಷೆಯ ಮಾತಾಗಿರಲಿಲ್ಲ. ಹದಿನೈದು ದಿನಕ್ಕೆಂದು ಬಂದಿದ್ದ ಅತ್ತೆ ಮುಂದಿನ ಭಾನುವಾರ ಹೊರಡುವವರಿದ್ದರು. ನಲವತ್ತು ವರ್ಷ ಹೊಲಿಗೆ ಕ್ಲಾಸ್ ನಡೆಸಿದ, ಮಾತಿಗೊಮ್ಮೆ ನಗುವ ಹೆಂಗಸು. ಆದರೆ ಯಾರಾದರೂ ಫೋನ್ ಎತ್ತಿದರೆ ಸಾಕು, ಗುರುತಿನ ಚೀಟಿಗೆ ಕೂತವರ ಹಾಗೆ ಬಿಗಿದುಕೊಳ್ಳುತ್ತಿದ್ದರು. ಮಾವನವರದೂ ಹೀಗೇ ಆಗಿತ್ತು. ಅವರು ಹೋದ ಮೇಲೆ ಹುಡುಕಿದರೆ ನಗುವ ಫೋಟೋ ಒಂದೂ ಇಲ್ಲ! ಪಿಂಚಣಿ ಪುಸ್ತಕದ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕಾಯಿತು. ಅದು ನನ್ನ ಹೆಂಡತಿಗೆ ಇಂದಿಗೂ ಚುಚ್ಚುತ್ತದೆ.

"ಒಂದೇನು, ರೋಲಿನಲ್ಲಿರೋ ಮೂವತ್ತಾರನ್ನೂ ತೆಗೀತೀನಿ!" ಎಂದೆ.

ಬಾಲ್ಕನಿಯಲ್ಲಿ ಅತ್ತೆಯನ್ನು ಕೂರಿಸಿ ಮಹಾಯಜ್ಞ ಆರಂಭಿಸಿದೆ. ಕ್ಲಿಕ್! ಫಿಲಂ ಮುಂದೆ ಸರಿಸುವ ಲಿವರ್ ಎಳೆ, ಮತ್ತೆ ಕ್ಲಿಕ್! ಅತ್ತೆಯ ಮುಖ ಕಲ್ಲಾಗಿತ್ತು, ಕಣ್ಣು ಮಾತ್ರ ಕ್ಯಾಮೆರಾದ ಮೇಲೇ ಇತ್ತು.

"ಅಳಿಯಂದ್ರೇ, ನೀವು ಆ ಕಡೆ ಎಳೆದಾಗ ಈ ಕಡೆ ಗುಂಡಿ ತಿರುಗ್ಬೇಕಲ್ವಾ? ಅದು ಅಲ್ಲಾಡ್ತಾನೇ ಇಲ್ಲ. ಮಿಷನ್ನಲ್ಲಿ ದಾರ ಸಿಕ್ಕಿಕೊಳ್ಳದಿದ್ರೆ ಉಂಡೆ ಹಿಂಗೇ ಸುಮ್ಮನೆ ಕೂತಿರುತ್ತೆ."

"ಅತ್ತೆ, ಇದು ಹೊಲಿಗೆ ಮಿಷನ್ ಅಲ್ಲ, ಕಲೆ!" ಎಂದು ನಕ್ಕುಬಿಟ್ಟೆ.

ಮೂವತ್ತಾರು ಮುಗಿಯಿತು. ರೋಲ್ ಮುಗಿಯಲಿಲ್ಲ! ಮೂವತ್ತೇಳು, ಮೂವತ್ತೆಂಟು... "ನೋಡಿದ್ಯೇನೇ? ಕೈಗುಣ ಅಂದ್ರೆ ಇದು!" ಎಂದು ಬೀಗಿದೆ. ನಲವತ್ನಾಲ್ಕನೆಯದಕ್ಕೆ ಹಿಂದೆ ಹಿಂದೆ ಸರಿಯುತ್ತಾ ಹೋದವನು ಒರೆಸುವ ನೀರಿನ ಬಕೆಟ್ಟಿನೊಳಗೆ ಒಂದು ಕಾಲಿಟ್ಟೆ. ಅತ್ತೆ ಪಕ್ಕೆ ಹಿಡಿದುಕೊಂಡು ನಕ್ಕರು! ಹೆಂಡತಿ ಗಬಕ್ಕನೆ ಫೋನ್ ಎತ್ತಿದಳು.

"ಫೋನ್ ಇಳಿಸು!" ಎಂದು ಬಕೆಟ್ಟಿನೊಳಗಿಂದಲೇ ಗುಡುಗಿ ಕ್ಲಿಕ್ ಮಾಡಿದೆ.

"ಸಿಕ್ತಾ ರೀ?"

"ಸಿಗದೇ ಏನು!"

ಅವಳ ಮುಖ ಅರಳಿತು. ಅಂದೇ ಚೌಕಟ್ಟಿನ ಅಂಗಡಿಗೆ ಹೋಗಿ ಬಣ್ಣ ಕೂಡ ಆರಿಸಿ ಬಂದಳು. ನಾನು ರೋಲನ್ನು ಹಿಂದಕ್ಕೆ ಸುತ್ತಿದೆ. ಒಂದೇ ಸುತ್ತಿಗೆ ಒಳಗೆ ಸೇರಿಬಿಟ್ಟಿತು. ಎಂಥ ನಯವಾದ ಯಂತ್ರ ಎಂದು ಬೆರಗಾದೆ.

ಶನಿವಾರ ಸ್ಟುಡಿಯೋದವನು ತೊಳೆದ ಫಿಲಂ ಅನ್ನು ದೀಪಕ್ಕೆ ಹಿಡಿದು ತೋರಿಸಿದ. ಕಿಟಕಿಯ ಗಾಜಿನಷ್ಟು ಸ್ವಚ್ಛ! "ಸಾರ್, ಫಿಲಂ ತುದಿ ಸುರುಳಿಗೆ ಸಿಕ್ಕೇ ಇಲ್ಲ. ಒಳಗೆ ಒಂದಿಂಚೂ ಓಡಿಲ್ಲ."

"ಹಾಗಾದ್ರೆ ನಲವತ್ನಾಲ್ಕು ಫೋಟೋ?"

"ಲೆಕ್ಕ ಮಾತ್ರ ಓಡಿದೆ ಸಾರ್."

ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಕೈ ಚಾಚಿದಳು. ನಾನು ಆ ಬರಿದಾದ ಪಟ್ಟಿಯನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತೆ.

"ಒಂದೂ ಇಲ್ವಾ? ಆ ಬಕೆಟ್ಟಿಂದೂ?"

"ಇಲ್ಲ ಕಣೇ."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ನಗುವನ್ನು ಹಿಡಿಯಬಹುದಾಗಿದ್ದ ಫೋನನ್ನು ಇಳಿಸು ಎಂದವನು ನಾನೇ! ಅವಳು ಫೋನನ್ನು ಎದೆಗೊತ್ತಿಕೊಂಡು ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದಳು. ನನಗೆ ನಿಜಕ್ಕೂ ಅಳು ಬಂತು.

ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ಅತ್ತೆ ಆಚೆ ಬಂದರು. ನನ್ನ ಕೊರಳಿನ ಪಟ್ಟಿಯ ತುದಿ ಹಿಡಿದು ಬೆಳಕಿಗೆ ಒಡ್ಡಿದರು. ಇತ್ತ ನೋಡಿದರು, ಅತ್ತ ನೋಡಿದರು.

"ಅಯ್ಯೋ ಅಳಿಯಂದ್ರೇ! ದಾರ ಪೋಣಿಸ್ದೇ ಹೊಲಿದ್ರಾ?"

"ಹೌದತ್ತೆ."

"ನಲವತ್ನಾಲ್ಕು ಸಲ?"

"ಹೌದತ್ತೆ."

"ನನ್ನ ಕ್ಲಾಸಲ್ಲಿ ಒಬ್ಳು ಹಿಂಗೇ ಒಂದು ಇಡೀ ಕಿಟಕಿ ಪರದೆ ಹೊಲಿದಿದ್ಳು. ಎತ್ತಿದ್ರೆ ಎರಡು ತುಂಡು! ಆದ್ರೆ ಅವಳು..." ಅತ್ತೆಗೆ ಉಸಿರು ಸಿಗುತ್ತಿರಲಿಲ್ಲ. "ಅವಳು ಅದನ್ನ ಕಲೆ ಅಂತ ಹೇಳಿರ್ಲಿಲ್ಲ!"

ಕನ್ನಡಕ ಮೂಗಿನ ತುದಿಗೆ ಜಾರಿತು. ಕಣ್ಣಲ್ಲಿ ನೀರು ಬರುವ ತನಕ, ನನ್ನ ಭುಜಕ್ಕೆ ಒರಗಿಕೊಂಡು ನಕ್ಕರು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಎದುರಿನಿಂದ ಸಣ್ಣಗೆ ಒಂದು ಸದ್ದಾಯಿತು. ಹೆಂಡತಿ ಫೋನ್ ಎತ್ತಿದ್ದಳು. ಈ ಸಲ ನಾನು ಗುಡುಗಲಿಲ್ಲ.

ಆ ಫೋಟೋ ಈಗ ಹಾಲ್‌ನಲ್ಲಿ, ಮಾವನವರ ಫೋಟೋದ ಪಕ್ಕದಲ್ಲಿದೆ. ಬಂದವರೆಲ್ಲ, "ಎಷ್ಟು ಚೆನ್ನಾಗಿ ನಗ್ತಿದ್ದಾರೆ! ಯಾವ ಕ್ಯಾಮೆರಾ?" ಎಂದು ಕೇಳುತ್ತಾರೆ. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹೆಂಡತಿಯ ಉತ್ತರ ಬಂದಿರುತ್ತದೆ.

"ತೆಗೆದಿದ್ದು ನನ್ನ ಫೋನು. ಇವರ ಕ್ಯಾಮೆರಾ ಇರೋದು ಅಮ್ಮನ್ನ ನಗಿಸೋಕೆ!"